ಮಕ್ಕಳ ಕರಾಟೆಯಿಂದ ವಯಸ್ಕರ ಕರಾಟೆಗೆ

ಹೈದರಾಬಾದಿನಲ್ಲಿ ಕರಾಟೆ ಬಹುಮಟ್ಟಿಗೆ ಶಾಲಾ ವಯಸ್ಸಿನ ವಿದ್ಯೆ. ಎರಡನೆಯ ಅಥವಾ ಮೂರನೆಯ ತರಗತಿಯಲ್ಲಿ ಬಿಳಿಯ ಉಡುಪು ತೊಟ್ಟ ಮಗು ಹಳದಿ, ಹಸಿರು, ನೀಲಿ, ಕಂದು ಬೆಲ್ಟುಗಳನ್ನು ಒಂದೊಂದಾಗಿ ದಾಟಿ ಹತ್ತನೆಯ ತರಗತಿಯ ಹೊತ್ತಿಗೆ ಕಪ್ಪು ಬೆಲ್ಟಿನ ಸಮೀಪಕ್ಕೆ ಬರುತ್ತದೆ. ಅಷ್ಟರಲ್ಲಿ ಇಂಟರ್‌ಮೀಡಿಯಟ್‌ನ ಎರಡು ವರ್ಷಗಳೂ ಅವುಗಳಿಗೆ ಅಂಟಿಕೊಂಡ ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶ ಪರೀಕ್ಷೆಗಳ ತರಬೇತಿಯೂ ಎದುರಾಗಿ, ಅಭ್ಯಾಸ ಅಲ್ಲಿಗೆ ನಿಲ್ಲುತ್ತದೆ. ಹೀಗೆ ಬಿಟ್ಟವರಲ್ಲಿ ಕೆಲವರು ಮೂವತ್ತೈದು, ನಲವತ್ತು, ನಲವತ್ತೈದರ ವಯಸ್ಸಿನಲ್ಲಿ, ಗಚ್ಚಿಬೌಲಿಯ ಕಚೇರಿಯ ಕುರ್ಚಿ ಬೆನ್ನಿಗೂ ಸೊಂಟಕ್ಕೂ ತನ್ನ ಆಕಾರ ಕೊಟ್ಟ ಮೇಲೆ, ಮತ್ತೆ ಕರಾಟೆಯತ್ತ ತಿರುಗುತ್ತಾರೆ. ಬಾಲ್ಯದಲ್ಲಿ ಕಲಿತದ್ದು ಯಾವ ಶೈಲಿ ಎಂಬುದನ್ನು ಆಗ ಕೇಳಿಕೊಳ್ಳದವರು ಈಗ ಅದನ್ನೇ ಮೊದಲು ಕೇಳುತ್ತಾರೆ. ಕರಾಟೆಯ ತವರು ಒಕಿನಾವಾ ಎಂದು ಗೊತ್ತಾದ ಮೇಲೆ ಗೋಜು-ರ್ಯೂ, ಶೋರಿನ್-ರ್ಯೂ, ಉಯೆಚಿ-ರ್ಯೂ, ಇಶ್ಶಿನ್-ರ್ಯೂ ಎಂಬ ಹೆಸರುಗಳು ಅವರ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಇಲ್ಲಿ ‘ರ್ಯೂ’ ಎಂದರೆ ಶೈಲಿ ಅಥವಾ ಸಂಪ್ರದಾಯ.

ಈ ಆಯ್ಕೆಯನ್ನು ಸಾಮಾನ್ಯವಾಗಿ ಪರಂಪರೆಯ ಶುದ್ಧಿಯ ಪ್ರಶ್ನೆಯಾಗಿ ಎತ್ತಲಾಗುತ್ತದೆ: ಯಾವ ಗುರುವಿನ ಶಿಷ್ಯನ ಶಿಷ್ಯ ಕಲಿಸುತ್ತಿದ್ದಾನೆ, ಯಾವ ಶೈಲಿ ಹೆಚ್ಚು ಹಳೆಯದು, ಯಾವುದು ಕ್ರೀಡೆಯ ಸೋಂಕು ತಗುಲದೆ ಉಳಿದಿದೆ. ಪ್ರಶ್ನೆ ಹುರುಳಿಲ್ಲದ್ದೇನೂ ಅಲ್ಲ, ಆದರೆ ಅದು ಎರಡನೆಯ ಪ್ರಶ್ನೆ. ಮರಳಿ ಬರುವ ವಯಸ್ಕನ ಮುಂದಿರುವ ಮೊದಲ ಆಯ್ಕೆ ಒಂದು ಶೈಲಿಗೂ ಇನ್ನೊಂದು ಶೈಲಿಗೂ ನಡುವಿನದ್ದಲ್ಲ. ಮಕ್ಕಳಿಗಾಗಿ ರೂಪುಗೊಂಡ ಕರಾಟೆಗೂ ವಯಸ್ಕರಿಗಾಗಿ ರೂಪುಗೊಂಡ ಕರಾಟೆಗೂ ನಡುವಿನದ್ದು. ಈ ಎರಡು ಬಗೆಗಳು ಒಕಿನಾವಾದಲ್ಲಿಯೇ, ಒಂದೇ ಗುರುವಿನ ಕೈಯಲ್ಲಿಯೂ, ಬೇರೆಬೇರೆಯಾಗಿ ನಡೆದವು ಎಂಬುದಕ್ಕೆ ಇತಿಹಾಸದ ಆಧಾರವಿದೆ.

ಒಕಿನಾವಾ ಇಂದು ಜಪಾನಿನ ತೆಂಕಣ ತುದಿಯ ಒಂದು ಪ್ರಾಂತ. 1429ರಿಂದ 1879ರವರೆಗೆ ಅದು ರ್ಯುಕ್ಯು ಎಂಬ ರಾಜ್ಯವಾಗಿತ್ತು. 1609ರ ಬಳಿಕ ಜಪಾನಿನ ಸತ್ಸುಮಾ ಪಾಳೆಯಗಾರರ ಅಂಕೆಗೆ ಒಳಗಾಗಿದ್ದರೂ ಚೀನಾದೊಡನೆ ಕಪ್ಪಕಾಣಿಕೆಯ ಸಂಬಂಧವನ್ನೂ ವ್ಯಾಪಾರವನ್ನೂ ಉಳಿಸಿಕೊಂಡಿತ್ತು. ರಾಜಧಾನಿ ಶುರಿ, ಬಂದರು ಪಟ್ಟಣ ನಾಹಾ, ಅವೆರಡರ ನೆರೆಯ ತೊಮಾರಿ ಎಂಬ ಮೂರು ಊರುಗಳಲ್ಲಿ ಕೈಕಾಳಗದ ವಿದ್ಯೆ ಬೆಳೆಯಿತು, ಮತ್ತು ಊರಿನ ಹೆಸರಿನಿಂದಲೇ ಅದನ್ನು ಗುರುತಿಸುತ್ತಿದ್ದರು. ಈ ಮೂರು ಊರುಗಳೂ ಒಂದರಿಂದೊಂದು ನಡೆದು ಹೋಗುವಷ್ಟು ಹತ್ತಿರದಲ್ಲಿವೆ, ಈಗ ಮೂರೂ ನಾಹಾ ನಗರದ ಭಾಗಗಳೇ ಆಗಿವೆ. ಹಾಗಾಗಿ ಅವುಗಳ ನಡುವೆ ದಾಟಲಾಗದ ಗೋಡೆಗಳಿದ್ದುವೆಂದು ಊಹಿಸುವುದು ಕಷ್ಟ. ಶಿತೋ-ರ್ಯೂ ಶೈಲಿಯನ್ನು ಕಟ್ಟಿದ ಮಬುನಿ ಕೆನ್ವಾ ಶುರಿಯ ಇತೊಸು ಆಂಕೊ, ನಾಹಾದ ಹಿಗಾಓನ್ನಾ ಕಾನ್ರ್ಯೊ ಇಬ್ಬರ ಬಳಿಯೂ ಕಲಿತವನು.

ಶೈಲಿಗಳ ಹೆಸರುಗಳಂತೂ ಜನ ಊಹಿಸುವುದಕ್ಕಿಂತ ಬಹಳ ಈಚಿನವು. ಮಿಯಾಗಿ ಚೋಜುನ್‌ನ (1888–1953) ಶಿಷ್ಯ ಶಿಂಜಾತೊ ಜಿನ್‌ಆನ್ 1930ರ ಸುಮಾರಿಗೆ ಟೋಕಿಯೊದ ಒಂದು ಪ್ರದರ್ಶನದಲ್ಲಿ ಭಾಗವಹಿಸಿದಾಗ, ನಿಮ್ಮ ಶೈಲಿ ಯಾವುದು ಎಂದು ಕೇಳಿದವರಿಗೆ ಉತ್ತರ ಕೊಡಲಾಗದೆ ಊರಿಗೆ ಮರಳಿ ಗುರುವಿಗೆ ತಿಳಿಸಿದನೆಂದೂ, ಗೋಜು-ರ್ಯೂ ಎಂಬ ಹೆಸರು ಆ ಬಳಿಕ ಬಂತೆಂದೂ ಆ ಪರಂಪರೆಯವರೇ ಹೇಳುತ್ತಾರೆ. ಜಪಾನಿನ ಯುದ್ಧಕಲೆಗಳನ್ನು ದಾಖಲಿಸುತ್ತಿದ್ದ ದಾಯ್ ನಿಪ್ಪೊನ್ ಬುತೊಕುಕಾಯ್ ಎಂಬ ಸಂಸ್ಥೆ ಪ್ರತಿಯೊಂದು ವಿದ್ಯೆಗೂ ಹೆಸರು, ಪಠ್ಯಕ್ರಮ, ಉಡುಪು, ದರ್ಜೆಗಳನ್ನು ಬಯಸುತ್ತಿದ್ದ ಕಾಲವದು. ಅದೇ ದಶಕದಲ್ಲಿ ಚಿಬಾನಾ ಚೋಶಿನ್ ತನ್ನ ಗುರು ಇತೊಸುವಿನಿಂದ ಬಂದದ್ದನ್ನು ಶೋರಿನ್-ರ್ಯೂ ಎಂದು ಕರೆದನು. ಉಯೆಚಿ ಕಾನ್‌ಬುನ್‌ನ ವಿದ್ಯೆ ಉಯೆಚಿ-ರ್ಯೂ ಆದದ್ದು 1940ರಲ್ಲಿ. ನಾಗಾಮಿನೆ ಶೋಶಿನ್ ಮತ್ಸುಬಾಯಾಶಿ-ರ್ಯೂ ಎಂದು ಹೆಸರಿಟ್ಟದ್ದು 1947ರಲ್ಲಿ. ಶಿಮಾಬುಕು ತತ್ಸುವೊ ಇಶ್ಶಿನ್-ರ್ಯೂವನ್ನು ಘೋಷಿಸಿದ್ದು 1956ರಲ್ಲಿ, ಎಂದರೆ ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ, ಬೀದರ್, ರಾಯಚೂರುಗಳು ಕನ್ನಡ ನಾಡಿಗೆ ಸೇರಿದ ವರ್ಷದಲ್ಲಿ. ಸಾವಿರ ವರ್ಷಗಳ ಪರಂಪರೆ ಎಂದು ನಾಮಫಲಕದಲ್ಲಿ ಬರೆಸಿಕೊಳ್ಳುವ ತರಬೇತಿ ಕೇಂದ್ರಗಳು ಈ ತಾರೀಖುಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಾಂಚೀಪುರದ ಬೋಧಿಧರ್ಮ ಚೀನಾಕ್ಕೆ ಈ ವಿದ್ಯೆಯನ್ನು ಒಯ್ದನೆಂಬ, 2011ರ ‘ಏಳಾಂ ಅರಿವು’ ಚಿತ್ರದಿಂದ ದಕ್ಷಿಣ ಭಾರತದಲ್ಲೆಲ್ಲ ಮತ್ತೆ ಹಬ್ಬಿದ ಕಥೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಅದಕ್ಕೆ ಆಧಾರವಾಗಿ ತೋರಿಸುವ ‘ಯಿಜಿನ್ ಜಿಂಗ್’ ಗ್ರಂಥ ಹದಿನೇಳನೆಯ ಶತಮಾನದ್ದೆಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ.

ಹೆಸರುಗಳಿಗಿಂತ ಮೊದಲೇ ನಡೆದ ಇನ್ನೊಂದು ಬದಲಾವಣೆ ಇವೆಲ್ಲಕ್ಕಿಂತ ಮುಖ್ಯವಾದುದು. 1901ರಲ್ಲಿ ಇತೊಸು ಆಂಕೊ (1831–1915) ಶುರಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕರಾಟೆಯನ್ನು ವ್ಯಾಯಾಮದ ಭಾಗವಾಗಿ ಕಲಿಸತೊಡಗಿದನು. ಕೆಲವೇ ವರ್ಷಗಳಲ್ಲಿ ಅದು ಮಾಧ್ಯಮಿಕ ಶಾಲೆಗೂ ಶಿಕ್ಷಕರ ತರಬೇತಿ ಶಾಲೆಗೂ ಹಬ್ಬಿತು. ಅಲ್ಲಿಯವರೆಗೆ ಒಬ್ಬ ಗುರು ಬೆರಳೆಣಿಕೆಯ ಶಿಷ್ಯರಿಗೆ ಮನೆಯಂಗಳದಲ್ಲಿ, ಹಲವೊಮ್ಮೆ ರಾತ್ರಿಯಲ್ಲಿ, ಒಬ್ಬೊಬ್ಬನ ದೇಹವನ್ನು ನೋಡಿ ತಿದ್ದುತ್ತಿದ್ದ ವಿದ್ಯೆ, ಸಾಲಾಗಿ ನಿಂತ ಹುಡುಗರು ಎಣಿಕೆಗೆ ತಕ್ಕಂತೆ ಒಟ್ಟಿಗೆ ಕೈಕಾಲು ಆಡಿಸುವ ಕವಾಯತಾಗಿ ಮಾರ್ಪಟ್ಟಿತು. ಇದಕ್ಕಾಗಿಯೇ ಇತೊಸು ಪಿನಾನ್ ಎಂಬ ಐದು ಕಟಾಗಳನ್ನು ರಚಿಸಿದನು. ಕಟಾ ಎಂದರೆ ಹೊಡೆತ, ತಡೆ, ಹೆಜ್ಜೆಗಳನ್ನು ನಿಶ್ಚಿತ ಕ್ರಮದಲ್ಲಿ ಪೋಣಿಸಿದ ವರಸೆ. ಹಳೆಯ ಕಟಾಗಳಲ್ಲಿ ಅಡಗಿದ್ದ ಹಿಡಿತ, ಕೀಲು ತಿರುಚು, ಕೊರಳ ಮೇಲಿನ ದಾಳಿ ಮೊದಲಾದ ಅಪಾಯಕರ ಅರ್ಥಗಳನ್ನು ಮಕ್ಕಳಿಗೆ ಹೇಳುವ ಅಗತ್ಯ ಶಾಲೆಗೆ ಇರಲಿಲ್ಲ. 1908ರಲ್ಲಿ ಇತೊಸು ಶಿಕ್ಷಣಾಧಿಕಾರಿಗಳಿಗೆ ಬರೆದ ಹತ್ತು ಅಂಶಗಳ ಪತ್ರದಲ್ಲಿ ಎಳವೆಯ ಕರಾಟೆ ಮುಂದೆ ಸೈನ್ಯಕ್ಕೆ ಉಪಯುಕ್ತವಾದೀತೆಂಬ ಮಾತೂ ಇದೆ, ಎಂದರೆ ಶಾಲಾ ಕರಾಟೆಯ ಉದ್ದೇಶ ಎಳೆಯ ದೇಹಗಳನ್ನು ಒಂದೇ ಅಚ್ಚಿನಲ್ಲಿ ಗಟ್ಟಿಗೊಳಿಸುವುದಾಗಿತ್ತು. ಅದೇ ಇತೊಸು ಮನೆಯಲ್ಲಿ ಹಿರಿಯ ಶಿಷ್ಯರಿಗೆ ಕಲಿಸುತ್ತಿದ್ದ ರೀತಿ ಬೇರೆ. ಅವನ ಶಿಷ್ಯ ಫುನಾಕೊಶಿ ಗಿಚಿನ್ (1868–1957) ನೈಹಾಂಚಿ ಎಂಬ ಮೂರು ಕಟಾಗಳನ್ನು ಕಲಿಯಲು ಹತ್ತು ವರ್ಷ ಕಳೆದುದಾಗಿ ತಾನೇ ದಾಖಲಿಸಿದ್ದಾನೆ.

ಫುನಾಕೊಶಿ 1922ರಲ್ಲಿ ಟೋಕಿಯೊಗೆ ಹೋಗಿ ನೆಲೆಸಿದ ಮೇಲೆ ಜಪಾನಿನ ಮುಖ್ಯಭೂಮಿಯಲ್ಲಿ ಹಬ್ಬಿದ್ದು ಎರಡನೆಯ ರೀತಿಯಲ್ಲ, ಮೊದಲನೆಯದು. ಅದನ್ನು ತಬ್ಬಿಕೊಂಡವರು ವಿಶ್ವವಿದ್ಯಾಲಯದ ತರುಣರು. ಅವರಿಗೆ ದರ್ಜೆಗಳೂ ಕಾದಾಟದ ಪಂದ್ಯಗಳೂ ಬೇಕಾದವು. ಜೂಡೊದಿಂದ ಎರವಲು ತಂದ ‘ಡಾನ್’ ಎಂಬ ಕಪ್ಪು ಬೆಲ್ಟಿನ ದರ್ಜೆಯನ್ನು ಫುನಾಕೊಶಿ ಮೊದಲು ಕೊಟ್ಟದ್ದು 1924ರಲ್ಲಿ. ಕೆಳದರ್ಜೆಗಳ ಬಣ್ಣಬಣ್ಣದ ಬೆಲ್ಟುಗಳು ಜೂಡೊದಲ್ಲಿ ಜನಪ್ರಿಯವಾದದ್ದು 1930ರ ದಶಕದಲ್ಲಿ, ಅದೂ ಯುರೋಪಿನಲ್ಲಿ. ಶೋತೊಕಾನ್ ಎಂದು ಹೆಸರಾದ ಫುನಾಕೊಶಿಯ ಕರಾಟೆಯೂ, ಮಲೇಷ್ಯಾದಲ್ಲಿ ಚ್ಯೂ ಚೂ ಸೂಟ್ 1966ರಲ್ಲಿ ಸ್ಥಾಪಿಸಿದ ಬುಡೋಕಾನ್‌ನಂತಹ ಏಷ್ಯಾದ ಶಾಖೆಗಳೂ ಭಾರತಕ್ಕೆ ಬರುವ ಹೊತ್ತಿಗೆ ಬ್ರೂಸ್ ಲೀಯ ಚಿತ್ರಗಳು ನೆಲವನ್ನು ಹದಮಾಡಿದ್ದವು. ತೆಲುಗು ಚಿತ್ರರಂಗ ಅದಕ್ಕೆ ತನ್ನದೇ ರೂಪ ಕೊಟ್ಟಿತು: ಮಂಗಳೂರು ಕಡೆಯ ತುಳು ಕುಟುಂಬದ ಸುಮನ್ 1980ರ ದಶಕದ ತೆಲುಗು ಚಿತ್ರಗಳಲ್ಲಿ ಕರಾಟೆಯ ನಾಯಕನಾಗಿ ಮೆರೆದರೆ, ಮುಂದಿನ ತಲೆಮಾರಿನ ಪವನ್ ಕಲ್ಯಾಣ್ ಚೆನ್ನೈಯಲ್ಲಿ ಇಶ್ಶಿನ್-ರ್ಯೂ ಗುರು ಶಿಹಾನ್ ಹುಸೈನಿಯವರಲ್ಲಿ ಅಭ್ಯಾಸ ಮಾಡಿದರು. ಆದರೂ ಹೈದರಾಬಾದಿನ ಶಾಲಾ ಅಂಗಳದಲ್ಲಿ ಇಂದು ಸಂಜೆ ‘ಇಚಿ, ನಿ, ಸಾನ್’ ಎಂಬ ಎಣಿಕೆಗೆ ಹೆಜ್ಜೆಯಿಡುವ ಸಾಲುಗಳು ಸಿನಿಮಾದಿಂದ ಬಂದವಲ್ಲ. ಅವು 1901ರ ಶುರಿಯ ಆ ಶಾಲೆಯ ನೇರ ಸಂತತಿ.

ಈ ಮಾತಿನಲ್ಲಿ ನಿಂದೆಯೇನೂ ಇಲ್ಲ. ಮಕ್ಕಳಿಗೆ ಗುಂಪಿನ ಶಿಸ್ತು, ಕಣ್ಣಿಗೆ ಕಾಣುವ ಮುನ್ನಡೆ, ಸ್ಪರ್ಧೆಯ ಬಿಸಿ ಎಲ್ಲವೂ ಬೇಕು. ಹೈದರಾಬಾದಿನ ಸೈಯದಾ ಫಲಕ್ ಅವರಂತಹ ಅಂತರರಾಷ್ಟ್ರೀಯ ಸ್ಪರ್ಧಿಗಳು ಬೆಳೆದದ್ದು ಆ ವ್ಯವಸ್ಥೆಯಿಂದಲೇ. ಒಕಿನಾವಾಕ್ಕೂ ಸ್ಪರ್ಧೆಗೂ ಹಗೆತನವಿದೆ ಎಂಬ ನಂಬಿಕೆಯೂ ಪೊಳ್ಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಪುರುಷರ ಕಟಾ ವಿಭಾಗದ ಚಿನ್ನ ಗೆದ್ದ ಕಿಯುನಾ ರ್ಯೊ ಒಕಿನಾವಾದವನು, ಮತ್ತು ಅವನ ರ್ಯೂಏ-ರ್ಯೂ 1970ರ ದಶಕದ ಆರಂಭದವರೆಗೂ ನಕಾಯಿಮಾ ಎಂಬ ಒಂದೇ ಮನೆತನದೊಳಗೆ ಉಳಿದುಕೊಂಡು ಬಂದ ಶೈಲಿ. ತೊಂದರೆ ಆರಂಭವಾಗುವುದು ಎಳೆಯರಿಗೆ ಹೊಲಿದ ಅಂಗಿಯನ್ನು ನಲವತ್ತರ ದೇಹಕ್ಕೆ ತೊಡಿಸಿದಾಗ. ಆ ವಯಸ್ಸಿನಲ್ಲಿ ಹಳೆಯ ಚಲನೆಗಳ ನೆನಪು ನರಮಂಡಲದಲ್ಲಿ ಆಶ್ಚರ್ಯಕರವಾಗಿ ಉಳಿದಿರುತ್ತದೆ, ಆದರೆ ಅವನ್ನು ಹೊರುವ ಸ್ನಾಯುರಜ್ಜುಗಳು ಹಾಗೆ ಉಳಿದಿರುವುದಿಲ್ಲ; ಸ್ನಾಯುಗಳು ಕೆಲವು ವಾರಗಳಲ್ಲಿ ಚೇತರಿಸಿಕೊಂಡರೆ ರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಮರಳಿ ಬಂದವರ ಮೊದಲ ಗಾಯಗಳು ಹಿಮ್ಮಡಿಯ ಮೇಲಿನ ರಜ್ಜು, ಮಂಡಿಚಿಪ್ಪಿನ ಕೆಳಭಾಗ, ತೊಡೆಸಂದುಗಳಲ್ಲಿಯೇ ಆಗುವುದಕ್ಕೆ ಈ ಅಂತರವೇ ಮುಖ್ಯ ಕಾರಣ. ಎತ್ತರದ ಒದೆತ, ಆಳದ ನಿಲುವು, ಜಿಗಿತಗಳನ್ನು ಎಣಿಕೆಗೆ ತಕ್ಕಂತೆ ನೂರು ಸಲ ಮಾಡಿಸುವ ತರಗತಿ, ಅದರ ಗೋಡೆಯ ಮೇಲೆ ಯಾವ ಒಕಿನಾವಾ ಗುರುವಿನ ಭಾವಚಿತ್ರ ತೂಗುತ್ತಿದ್ದರೂ, ಮಕ್ಕಳ ತರಗತಿಯೇ.

ಹಾಗಾದರೆ ವಯಸ್ಕರ ಕರಾಟೆ ಹೇಗಿರುತ್ತದೆ? ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಒಕಿನಾವಾ ದ್ವೀಪದಲ್ಲಲ್ಲ, ಜಪಾನಿನ ವಕಾಯಾಮಾ ಪ್ರಾಂತದಲ್ಲಿ. ಉಯೆಚಿ ಕಾನ್‌ಬುನ್ (1877–1948) 1897ರಲ್ಲಿ ಚೀನಾದ ಫುಜಿಯಾನ್ ಪ್ರಾಂತದ ಫುಝೌ ನಗರಕ್ಕೆ ಹೋಗಿ, ಅಲ್ಲಿ ಹಲವು ವರ್ಷ ಕಲಿತು ಬಂದು, ಊರಿನಲ್ಲಿ ಯಾರಿಗೂ ಕಲಿಸದೆ ಬೇಸಾಯ ಮಾಡಿಕೊಂಡಿದ್ದವನು. 1924ರಲ್ಲಿ ಹೊಟ್ಟೆಪಾಡಿಗಾಗಿ ವಕಾಯಾಮಾದ ಬಟ್ಟೆ ಗಿರಣಿಯೊಂದಕ್ಕೆ ಹೋದಾಗ ಅಲ್ಲಿದ್ದ ಒಕಿನಾವಾದ ವಲಸೆ ಕಾರ್ಮಿಕರಲ್ಲಿ ಒಬ್ಬನಾದ ತೊಮೊಯೊಸೆ ರ್ಯುಯು ಬಹುಕಾಲ ಒತ್ತಾಯಿಸಿದ ಮೇಲೆ, ತನ್ನ ಐವತ್ತರ ಹತ್ತಿರದಲ್ಲಿ ಅವನು ಕಲಿಸಲು ಒಪ್ಪಿದನು. ಶಿಷ್ಯರು ದುಡಿದು ದಣಿದು ಬರುವ ಗಂಡಸರು, ಸ್ಥಳ ಇಕ್ಕಟ್ಟಾದುದು, ಕಲಿಸಿದ ಕಟಾಗಳು ಮೂರೇ: ಸಾಂಚಿನ್, ಸೇಸಾನ್, ಸಾನ್‌ಸೇರ್ಯೂ. ಇಂದಿನ ಉಯೆಚಿ-ರ್ಯೂದಲ್ಲಿರುವ ಉಳಿದ ಐದು ಕಟಾಗಳು ಮುಂದೆ ಅವನ ಮಗ ಕಾನ್‌ಏ ಮತ್ತು ಹಿರಿಯ ಶಿಷ್ಯರ ಕಾಲದಲ್ಲಿ ಸೇರಿದವು. ಬೆಲ್ಟು ಇರಲಿಲ್ಲ, ಪಂದ್ಯ ಇರಲಿಲ್ಲ, ಸಾಲು ಇರಲಿಲ್ಲ. ಒಬ್ಬ ಸಾಂಚಿನ್‌ನಲ್ಲಿ ನಿಂತಾಗ ಗುರು ಅವನ ಸುತ್ತ ನಡೆದು ಹೆಗಲು, ಬೆನ್ನು, ತೊಡೆಗಳನ್ನು ಮುಟ್ಟಿ, ತಟ್ಟಿ ಪರೀಕ್ಷಿಸುತ್ತಿದ್ದನು. ಇತೊಸುವಿನ ಶಾಲೆಯ ಮೂಲಕ ಹಾದುಬಾರದ ಈ ವಿದ್ಯೆ, ಹುಟ್ಟೂರು ಬಿಟ್ಟು ಬೇರೆ ನಾಡಿನ ಗಿರಣಿಗೆ ದುಡಿಯಲು ಹೋದ ವಯಸ್ಕರ ನಡುವೆ ಬೆಳೆಯಿತೆಂಬುದನ್ನು, ಅದೇ ಸ್ಥಿತಿಯಲ್ಲಿ ಹೈದರಾಬಾದಿಗೆ ಬಂದು ನೆಲೆಸಿದವರು ಗಮನಿಸಬೇಕು.

ಇಲ್ಲಿಂದ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ. ಹೆಸರುಗಳೆಲ್ಲ ಈಚಿನವು, ಮೂಲ ಒಂದೇ, ಆದ್ದರಿಂದ ಶೈಲಿ ಯಾವುದಾದರೇನು, ಗುರು ಒಳ್ಳೆಯವನಾದರೆ ಸಾಕು ಎಂಬುದು ಅವರ ನಿಲುವು. ಇದು ಕೇಳಲು ಉದಾರವಾಗಿದೆ, ಆದರೆ ಅಭ್ಯಾಸಕ್ಕಿಳಿದರೆ ನಿಲ್ಲುವುದಿಲ್ಲ. ಹೆಸರು ಹೊಸದಾದರೂ ಹೆಸರಿನ ಹಿಂದಿರುವ ದೇಹಪದ್ಧತಿಗಳ ಭೇದ ನಿಜವಾದುದು, ಮತ್ತು ಆ ಭೇದ ನಲವತ್ತರ ನಂತರ ಇನ್ನಷ್ಟು ಅನುಭವಕ್ಕೆ ಬರುತ್ತದೆ.

ನಾಹಾದ ಕಡೆಯಿಂದ ಬಂದ ಗೋಜು-ರ್ಯೂದ ಬುನಾದಿ ಸಾಂಚಿನ್. ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಮಂಡಿ ತುಸು ಬಾಗಿಸಿ, ಮುಷ್ಟಿ ಬಿಗಿದು, ಇಡೀ ದೇಹದ ಸ್ನಾಯುಗಳನ್ನು ಸೆಟೆಸಿಕೊಂಡು, ಗಂಟಲಿನಿಂದ ಸದ್ದು ಹೊರಡುವಂತೆ ದೀರ್ಘವಾಗಿ ಉಸಿರು ಬಿಡುತ್ತ ಕೆಲವೇ ಹೆಜ್ಜೆಗಳನ್ನು ಇಡುವ ಕಟಾ ಇದು. ಅದಕ್ಕೆ ಜೊತೆಯಾಗಿ ತೆರೆದ ಕೈಗಳ, ಸುತ್ತು ಚಲನೆಯ ತೆನ್ಶೊ ಎಂಬ ಕಟಾವನ್ನು ಮಿಯಾಗಿ ರಚಿಸಿದನು. ಚೆನ್ನಾಗಿ ಕಲಿಸಿದರೆ ಬೆನ್ನೆಲುಬಿನ ನೆಟ್ಟಗಿನ ನಿಲುವಿಗೂ ಕಾಲಿನ ಸ್ಥಿರತೆಗೂ ಸಾಂಚಿನ್‌ನಷ್ಟು ಉಪಕಾರಿಯಾದುದು ಬೇರೊಂದಿಲ್ಲ. ಕೆಟ್ಟದಾಗಿ ಕಲಿಸಿದರೆ ಅದರಷ್ಟು ಅಪಾಯಕಾರಿಯೂ ಬೇರೊಂದಿಲ್ಲ. ಸ್ನಾಯುಗಳನ್ನು ಬಿಗಿಹಿಡಿದು ಉಸಿರುಗಟ್ಟಿ ಒತ್ತಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ ಎಂಬುದು ವೈದ್ಯಶಾಸ್ತ್ರದ ಪ್ರಾಥಮಿಕ ತಿಳಿವಳಿಕೆ. ಕುಳಿತು ದುಡಿಯುವ ನಗರದ ನಡುವಯಸ್ಕರಲ್ಲಿ ಅಧಿಕ ರಕ್ತದೊತ್ತಡ ಅಪರೂಪವಲ್ಲವಾದ್ದರಿಂದ, ಮುಖ ಕೆಂಪೇರುವವರೆಗೆ ಸಾಂಚಿನ್ ಮಾಡಿಸುವ ಗುರುವನ್ನು, ಅವನು ಒಕಿನಾವಾದಲ್ಲಿಯೇ ಕಲಿತು ಬಂದಿದ್ದರೂ, ದೂರವಿಡುವುದೇ ಲೇಸು. ಉಯೆಚಿ-ರ್ಯೂದ ಸಾಂಚಿನ್ ಅದೇ ಹೆಸರಿನದಾದರೂ ತೆರೆದ ಅಂಗೈಗಳದು, ಉಸಿರು ಚಿಕ್ಕದು ಮತ್ತು ಸಹಜವಾದುದು. ಆ ಮಟ್ಟಿಗೆ ಅದು ಸೌಮ್ಯ. ಆದರೆ ಮುಂಗೈ, ಮೊಣಕಾಲ ಕೆಳಭಾಗಗಳನ್ನು ಪರಸ್ಪರ ಬಡಿದು ಗಟ್ಟಿಗೊಳಿಸುವ ಅಭ್ಯಾಸ ಆ ಶೈಲಿಯ ಉಸಿರಿನಂತೆಯೇ ಇದೆ, ಮತ್ತು ಮಧುಮೇಹಿಗಳಿಗೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಅದು ಸಲ್ಲದು.

ಶುರಿಯ ಕಡೆಯಿಂದ ಬಂದ ಶೋರಿನ್ ಶೈಲಿಗಳ ಸ್ವಭಾವವೇ ಬೇರೆ. ಶೋರಿನ್ ಎಂಬುದು ಒಂದು ಶೈಲಿಯಲ್ಲ, ಒಂದು ಕುಟುಂಬ: ಚಿಬಾನಾನ ಕೊಬಾಯಾಶಿ ಶಾಖೆ, ನಾಗಾಮಿನೆಯ ಮತ್ಸುಬಾಯಾಶಿ ಶಾಖೆ, ಕ್ಯಾನ್ ಚೋತೊಕು (1870–1945) ಎಂಬ ಗುರುವಿನ ಶಿಷ್ಯರಿಂದ ಇಳಿದ ಶಾಖೆಗಳು. ಇಲ್ಲಿ ನಿಲುವು ಎತ್ತರವಾದುದು, ನಡಿಗೆಗೆ ಹತ್ತಿರವಾದುದು, ಉಸಿರು ಸದ್ದಿಲ್ಲದ್ದು, ಬಲ ಬರುವುದು ಸ್ನಾಯುವಿನ ಬಿಗಿತದಿಂದಲ್ಲ, ಸೊಂಟದ ಸಣ್ಣ ತಿರುವಿನಿಂದ ಹುಟ್ಟುವ ವೇಗದಿಂದ. ಬುನಾದಿಯ ಕಟಾ ನೈಹಾಂಚಿ, ಒಂದೇ ಗೆರೆಯ ಮೇಲೆ ಎಡಕ್ಕೂ ಬಲಕ್ಕೂ ಪಕ್ಕಪಕ್ಕಕ್ಕೆ ಸರಿಯುವಂತಹದು. ಅದನ್ನು ಅಡುಗೆಮನೆಯ ಓಣಿಯಷ್ಟು ಜಾಗದಲ್ಲಿ, ಒಂದು ನಿಮಿಷದಲ್ಲಿ ಮಾಡಿ ಮುಗಿಸಬಹುದು. ಅದರ ಹತ್ತಿರದ ಹಿಡಿತಗಳನ್ನೂ ಮೊಣಕೈ ಹೊಡೆತಗಳನ್ನೂ ಜೊತೆಗಾರನೊಡನೆ ಬಿಡಿಸಿ ನೋಡಲು ವರ್ಷಗಳು ಬೇಕಾಗುತ್ತವೆ. ಬಿಡುವಿಲ್ಲದ ಬದುಕಿನ ವಯಸ್ಕನಿಗೆ, ಅದರಲ್ಲಿಯೂ ರಕ್ತದೊತ್ತಡ ಇರುವವನಿಗೆ, ಮೊದಲ ಆಯ್ಕೆಯಾಗಿ ಶೋರಿನ್ ಕುಟುಂಬವನ್ನೇ ಸೂಚಿಸುವುದು ಯುಕ್ತವೆನಿಸುತ್ತದೆ. ಕಟಾಗಳ ಸಂಖ್ಯೆ ಹೆಚ್ಚೆಂಬುದು ಅದರ ದೌರ್ಬಲ್ಯ. ಪಿನಾನ್‌ಗಳು, ಪಸ್ಸಾಯ್, ಕುಸಾಂಕು, ಚಿಂತೊ ಎಂದು ಒಂದಾದ ಮೇಲೊಂದರಂತೆ ಸಂಗ್ರಹಿಸುವ ಆಸೆ ಮಕ್ಕಳ ಬೆಲ್ಟಿನ ಆಸೆಯ ಇನ್ನೊಂದು ರೂಪವಾಗಿಬಿಡಬಹುದು.

ಇಶ್ಶಿನ್-ರ್ಯೂ ಇವೆರಡರ ನಡುವೆ ನಿಲ್ಲುತ್ತದೆ. ಶಿಮಾಬುಕು ತತ್ಸುವೊ ಕ್ಯಾನ್, ಮಿಯಾಗಿ ಮತ್ತು ಮೊತೊಬು ಚೋಕಿ ಮೂವರಲ್ಲಿಯೂ ಕಲಿತವನು. ಅವನ ಎಂಟು ಬರಿಗೈ ಕಟಾಗಳಲ್ಲಿ ಸಾಂಚಿನ್ ಮತ್ತು ನೈಹಾಂಚಿ ಎರಡೂ ಇವೆ. ಮುಷ್ಟಿಯನ್ನು ತಿರುಗಿಸದೆ ಹೆಬ್ಬೆರಳು ಮೇಲ್ಮುಖವಾಗಿರುವಂತೆ ಹೊಡೆಯುವ ರೀತಿ ಮೊಣಕೈಗೆ ಸುಖಕರ. ಒಕಿನಾವಾದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ನೌಕಾ ಯೋಧರು ಅದನ್ನು ಹೊರಗೆ ಹಬ್ಬಿಸಿದ್ದರಿಂದ ಮಿಶ್ರಣವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಮಿಶ್ರಣ ದೋಷವಾದರೆ ಯಾವ ಶೈಲಿಯೂ ಉಳಿಯುವುದಿಲ್ಲ: 1940ರಲ್ಲಿ ಒಕಿನಾವಾ ಆಡಳಿತ ನೇಮಿಸಿದ ಸಮಿತಿಗಾಗಿ ಆರಂಭಿಕರ ಎರಡು ಕಟಾಗಳನ್ನು ರಚಿಸಿದವರು ಶುರಿ ಮಾರ್ಗದ ನಾಗಾಮಿನೆ ಮತ್ತು ನಾಹಾ ಮಾರ್ಗದ ಮಿಯಾಗಿ, ಮತ್ತು ಮಿಯಾಗಿಯ ಕಟಾವನ್ನು ಮತ್ಸುಬಾಯಾಶಿ-ರ್ಯೂದವರು ಇಂದಿಗೂ ಮಾಡುತ್ತಾರೆ.

ಮರಳಿ ಬರುವವನ ಹಳೆಯ ಕಲಿಕೆ ಯಾವುದಿತ್ತು ಎಂಬುದನ್ನು ಈ ಆಯ್ಕೆಯಲ್ಲಿ ಸಾಮಾನ್ಯವಾಗಿ ತಲೆಕೆಳಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಾಲ್ಯದಲ್ಲಿ ಶೋತೊಕಾನ್ ಕಲಿತವನಿಗೆ ಶೋರಿನ್ ಸುಲಭವೆಂದು ಹೇಳುವುದು ರೂಢಿ, ಏಕೆಂದರೆ ಶೋತೊಕಾನ್‌ನ ಹೇಯಾನ್, ತೆಕ್ಕಿ, ಬಸ್ಸಾಯ್, ಕಾಂಕು ಕಟಾಗಳು ಶೋರಿನ್‌ನ ಪಿನಾನ್, ನೈಹಾಂಚಿ, ಪಸ್ಸಾಯ್, ಕುಸಾಂಕುಗಳಿಂದಲೇ ಬಂದವು. ವಾಸ್ತವದಲ್ಲಿ ತೊಡಕು ಇರುವುದು ಈ ಸಾಮೀಪ್ಯದಲ್ಲಿಯೇ. ಹೊಸ ಕಲಿಕೆಯನ್ನು ಹೆಚ್ಚು ಕೆಡಿಸುವುದು ಅದಕ್ಕೆ ತೀರ ಹತ್ತಿರವಾದ ಹಳೆಯ ಅಭ್ಯಾಸವೇ ಹೊರತು ದೂರದ್ದಲ್ಲ. ಎಣಿಕೆ ಶುರುವಾದೊಡನೆ ಕಾಲು ತಾನಾಗಿ ಹಳೆಯ ಆಳದ ನಿಲುವಿಗೆ ಜಾರುತ್ತದೆ, ಮೊದಲ ಎರಡು ಪಿನಾನ್‌ಗಳ ಕ್ರಮವನ್ನು ಫುನಾಕೊಶಿ ಅದಲುಬದಲು ಮಾಡಿದ್ದು ತಲೆಯನ್ನು ಗೊಂದಲಕ್ಕೀಡುಮಾಡುತ್ತದೆ, ತಾನು ಈಗಾಗಲೇ ಬಲ್ಲೆನೆಂಬ ಭಾವ ತಿದ್ದುವ ಗುರುವಿನ ಮಾತಿಗೆ ಅಡ್ಡಬರುತ್ತದೆ. ಅದೇ ವ್ಯಕ್ತಿ ಗೋಜು-ರ್ಯೂ ಅಥವಾ ಉಯೆಚಿ-ರ್ಯೂಗೆ ಹೋದರೆ ಎಲ್ಲವೂ ಅಪರಿಚಿತವಾದ್ದರಿಂದ ಹೊಸ ವಿದ್ಯಾರ್ಥಿಯ ವಿನಯ ಬಲವಂತವಾಗಿಯಾದರೂ ಬರುತ್ತದೆ. ಆದ್ದರಿಂದ ಹಳೆಯ ಶೋತೊಕಾನ್ ಅಭ್ಯಾಸಿ ಶೋರಿನ್ ಆರಿಸಿಕೊಂಡರೆ ಮೊದಲ ವರ್ಷ ಪಿನಾನ್‌ಗಳನ್ನು ಮುಟ್ಟದೆ ನೈಹಾಂಚಿಯೊಂದರಲ್ಲಿಯೇ ನಿಲ್ಲುವುದು ಜಾಣತನ. ಹಳೆಯ ಕಪ್ಪು ಬೆಲ್ಟನ್ನು ಪೆಟ್ಟಿಗೆಯಲ್ಲಿಟ್ಟು ಬಿಳಿಯ ಬೆಲ್ಟಿನಲ್ಲಿ ನಿಲ್ಲುವುದೂ ಅಷ್ಟೇ ಅಗತ್ಯ. ಹಳೆಯ ಪ್ರಮಾಣಪತ್ರ ನೋಡಿ ಮೊದಲ ದಿನವೇ ಕಪ್ಪು ಬೆಲ್ಟು ಕಟ್ಟಿಕೊಳ್ಳಲು ಬಿಡುವ, ಅದಕ್ಕೆ ಶುಲ್ಕವನ್ನೂ ಪಡೆಯುವ ಕೇಂದ್ರ ಕಲಿಸುವುದಕ್ಕಿಂತ ಮಾರುವುದರಲ್ಲಿ ಹೆಚ್ಚು ಆಸಕ್ತಿಯುಳ್ಳದ್ದು.

ಪ್ರಮಾಣಪತ್ರಗಳ ವಿಷಯ ಬಂದುದರಿಂದ ಒಂದು ಮಾತು. ಭಾರತದಲ್ಲಿ ಕರಾಟೆಯ ಆಡಳಿತ ಬಹುಕಾಲದಿಂದ ಒಡೆದ ಮನೆ. 2020ರಲ್ಲಿ ವಿಶ್ವ ಕರಾಟೆ ಫೆಡರೇಷನ್ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತ್ತು. ಫೆಡರೇಷನ್ನಿನ ಮಾನ್ಯತೆ ಸ್ಪರ್ಧಿಸುವ ಮಗುವಿಗೆ ಬೇಕು. ಪದಕದ ಹಂಬಲವಿಲ್ಲದ ವಯಸ್ಕನಿಗೆ ಗೋಡೆಯ ಮೇಲಿನ ಜಪಾನೀ ಲಿಪಿಯ ಪತ್ರಕ್ಕಿಂತ, ಆ ಪತ್ರ ಪಡೆದ ಗುರು ಈಗಲೂ ಯಾರ ಬಳಿಯಾದರೂ ಕಲಿಯುತ್ತಿದ್ದಾನೆಯೇ ಎಂಬುದು ಹೆಚ್ಚು ಉಪಯುಕ್ತ ಮಾಹಿತಿ.

ವಯಸ್ಕರ ಕರಾಟೆಯ ಇನ್ನೊಂದು ಗುರುತು ಹೋಜೊ ಉಂಡೊ, ಎಂದರೆ ಸಲಕರಣೆಗಳ ಸಹಾಯದಿಂದ ಮಾಡುವ ಪೂರಕ ವ್ಯಾಯಾಮ. ಮರದ ಹಿಡಿಗೆ ಕಲ್ಲು ಅಳವಡಿಸಿದ ಚಿ-ಇಶಿ, ಬಾಯಂಚನ್ನು ಬೆರಳುಗಳಿಂದ ಹಿಡಿದು ಎತ್ತಿ ನಡೆಯುವ ಮಣ್ಣಿನ ಗಡಿಗೆಗಳಾದ ನಿಗಿರಿ-ಗಾಮೆ, ಮುಷ್ಟಿ ಗುದ್ದಲು ನೆಟ್ಟ ಹಲಗೆಯಾದ ಮಕಿವಾರ, ಇವು ರಜ್ಜುಗಳನ್ನೂ ಹಿಡಿತವನ್ನೂ ನಿಧಾನವಾಗಿ ಬಲಪಡಿಸುತ್ತವೆ. ಪ್ರತಿಯೊಬ್ಬನೂ ತನ್ನ ಶಕ್ತಿಗೆ ತಕ್ಕ ಭಾರವನ್ನು ತನ್ನ ಗತಿಯಲ್ಲಿ ಎತ್ತುವುದರಿಂದ ಎಣಿಕೆಯ ಸಾಲು ತಾನಾಗಿ ಮುರಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಹೈದರಾಬಾದಿಗೆ ಇದು ಹೊಸದಲ್ಲ. ಹಳೆಯ ನಗರದ ತಾಲೀಮುಗಳಲ್ಲಿ, ಹಿಂದೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್‌ಗಳ ಗರಡಿಗಳಲ್ಲಿ ಗದೆ, ಸಾಮುಕಲ್ಲುಗಳನ್ನು ಇದೇ ತರ್ಕದಿಂದ ಉಸ್ತಾದರು ಬಳಸುತ್ತ ಬಂದಿದ್ದಾರೆ. ಚಿ-ಇಶಿಯನ್ನು ಕೈಗೆತ್ತಿಕೊಂಡ ಪೈಲ್ವಾನನೊಬ್ಬನಿಗೆ ಅದರ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಹಾಗಿದ್ದೂ ನಗರದ ಕರಾಟೆ ಕೇಂದ್ರಗಳು ತಾಲೀಮಿನತ್ತ ತಿರುಗಿ ನೋಡಿರುವುದು ಕಡಿಮೆ. ಹೊರಗಿನದನ್ನು ಸೇರಿಸಿದರೆ ಶೈಲಿ ಕೆಟ್ಟೀತೆಂಬ ಅಂಜಿಕೆ ಅದಕ್ಕೆ ಕಾರಣವಿರಬಹುದು. ಮಿಯಾಗಿಗೆ ಆ ಅಂಜಿಕೆ ಇರಲಿಲ್ಲ. 1934ರಲ್ಲಿ ಹವಾಯಿಗೆ ಹೋಗಿದ್ದ ಅವನು ಅಲ್ಲಿನ ಕುಸ್ತಿಪಟುಗಳು ಬಳಸುತ್ತಿದ್ದ ಕಬ್ಬಿಣದ ಭಾರಸಾಧನವನ್ನು ಮೆಚ್ಚಿ ತಂದು ಕೊಂಗೋಕೆನ್ ಎಂಬ ಹೆಸರಿನಿಂದ ತನ್ನ ಡೋಜೊಗೆ, ಎಂದರೆ ಅಭ್ಯಾಸಶಾಲೆಗೆ, ಸೇರಿಸಿಕೊಂಡನು. ಅದು ಈಗ ಗೋಜು-ರ್ಯೂದ ಸಾಂಪ್ರದಾಯಿಕ ಸಲಕರಣೆ ಎನಿಸಿಕೊಂಡಿದೆ.

ಉಳಿದವು ನಗರದ ವಾಸ್ತವಗಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರಿನಲ್ಲಿ ತಾರಸಿಯ ಮೇಲಿನ ಸಂಜೆಯ ತರಗತಿಗಿಂತ ಬೆಳಗಿನ ಅಭ್ಯಾಸ ಮೇಲು. ಕಾಂಕ್ರೀಟ್ ಅಥವಾ ಟೈಲ್ಸ್ ನೆಲದ ಮೇಲೆ ಜಿಗಿತವಿಲ್ಲದ ಶೈಲಿ ಮೇಲು. ಕಾಚಿಗೂಡದಲ್ಲಿ ಮನೆ, ಮಾಧಾಪುರದಲ್ಲಿ ಕೆಲಸ ಇರುವವನು ಪರಂಪರೆಯ ಶುದ್ಧಿಗಾಗಿ ನಗರದ ಮೂರನೆಯ ಮೂಲೆಗೆ ಹೋಗಲು ಹೊರಟರೆ ಮಳೆಗಾಲದ ಸಂಚಾರ ದಟ್ಟಣೆ ಅವನನ್ನು ಎರಡು ತಿಂಗಳಲ್ಲಿ ಮನೆಗೆ ಕಳುಹಿಸುತ್ತದೆ. ಬಾಲ್ಯದಲ್ಲಿ ಕಲಿತು ಬಿಟ್ಟ ಹೆಂಗಸರ ಪರಿಸ್ಥಿತಿ ಇನ್ನೂ ಕಠಿಣ. ಹುಡುಗಿಯರಿಗೆ ಶಾಲೆಯಲ್ಲಿ ಆತ್ಮರಕ್ಷಣೆಯ ತರಬೇತಿ ಕೊಡಲು ಸರ್ಕಾರಗಳು ಯೋಜನೆಗಳನ್ನು ರೂಪಿಸಿವೆ, ಕರ್ನಾಟಕದ ವಸತಿನಿಲಯಗಳಲ್ಲಿ ಒನಕೆ ಓಬವ್ವನ ಹೆಸರಿನಲ್ಲಿಯೇ ಅಂತಹ ಯೋಜನೆಯಿದೆ. ಆದರೆ ಆ ಹುಡುಗಿ ನಲವತ್ತರ ಹೆಂಗಸಾಗಿ ಮರಳಿ ಬಂದಾಗ ಅವಳಿಗೆ ಸಿಗುವುದು ತನ್ನ ಮಗಳ ವಯಸ್ಸಿನವರ ಸಾಲಿನ ಹಿಂಬದಿಯ ಜಾಗ, ಇಲ್ಲವೇ ಒಂದು ವಾರಾಂತ್ಯದ ಆತ್ಮರಕ್ಷಣಾ ಶಿಬಿರ. ಸಾಂಚಿನ್ ಅಥವಾ ನೈಹಾಂಚಿಯನ್ನು ವಯಸ್ಕರಿಗಾಗಿಯೇ, ಪ್ರತ್ಯೇಕ ಸಮಯದಲ್ಲಿ, ಹತ್ತು ಮಂದಿಗೆ ಮೀರದ ಗುಂಪಿನಲ್ಲಿ ಕಲಿಸುವ ಗುರು ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ ಇದ್ದರೆ, ಅವರು ಕಲಿಸುವುದು ಗೋಜು-ರ್ಯೂ ಆಗಿರಲಿ, ಶೋರಿನ್-ರ್ಯೂ ಆಗಿರಲಿ, ರಕ್ತದೊತ್ತಡ ಮತ್ತು ಮಂಡಿಗಳ ವಿಷಯದಲ್ಲಿ ವೈದ್ಯರನ್ನು ಒಮ್ಮೆ ಕಂಡು ಬಂದು ಅಲ್ಲಿಯೇ ಸೇರಿಕೊಳ್ಳಬಹುದು. ಅಂತಹ ಗುರು ಹತ್ತಿರದಲ್ಲಿ ಇಲ್ಲದಿದ್ದರೆ, ಮಕ್ಕಳ ತರಗತಿ ನಡೆಸುವವರನ್ನೇ ಕಂಡು ನಾಲ್ಕೈದು ಮಂದಿ ಸಮವಯಸ್ಕರು ಸೇರಿ ಬೇರೆ ಸಮಯ ಕೇಳುವುದು, ಒಬ್ಬೊಬ್ಬರೇ ಹೋಗಿ ಅದೇ ಸಾಲಿನಲ್ಲಿ ನಿಲ್ಲುವುದಕ್ಕಿಂತ ಫಲಕಾರಿ. ವಕಾಯಾಮಾದಲ್ಲಿ ತೊಮೊಯೊಸೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.